ಕೇಳುವ ದಣಿವನ್ನು ಅಳೆದ ಊರಿನಲ್ಲಿ

ಡೆನ್ಮಾರ್ಕಿಗೆ ಹೋಗಿ ಏನೇನು ನೋಡಿ ಬಂದಿರಿ ಎಂದು ಪುಣೆಯ ಕೋಥರೂಡದ ನಮ್ಮ ಸೊಸೈಟಿಯ ಹೆಂಗಸರು ಕೇಳಿದಾಗ, ನನ್ನ ತಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಿ ಬಂದೆ ಎಂದೆ. ಅವರು ನಕ್ಕರು. ಸಮುದ್ರದ, ಅರಮನೆಯ, ಸಾಲಾಗಿ ನಿಂತ ಗಾಳಿಯಂತ್ರಗಳ ಫೋಟೋಗಳನ್ನೂ ತೋರಿಸಿದೆ, ಇಲ್ಲವೆಂದಲ್ಲ. ಆದರೆ ನಾನು ಹೇಳಿದ್ದು ತಮಾಷೆಯ ಮಾತಾಗಿರಲಿಲ್ಲ.

ಹುಟ್ಟಿದ್ದು ಧಾರವಾಡ, ಮದುವೆಯಾಗಿ ಬಂದದ್ದು ಪುಣೆ. ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಹತ್ತನೆಯ ಇಯತ್ತೆಯ ಹುಡುಗರಿಗೆ ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೆ. ನಲವತ್ತು ದಾಟಿದ ಮೇಲೆ ಎರಡೂ ಕಿವಿಗಳು ಮಂದವಾದವು, ಎರಡಕ್ಕೂ ಮಷೀನು ಬಂತು. ತಪಾಸಣೆಗೆ ಹೋದಾಗಲೆಲ್ಲ ಗಾಜಿನ ಕೋಣೆಯಲ್ಲಿ ಕೂಡಿಸಿ ಶಬ್ದಗಳನ್ನು ಕೇಳಿಸುತ್ತಿದ್ದರು. ನಾನು ಎಲ್ಲವನ್ನೂ ಸರಿಯಾಗಿ ತಿರುಗಿ ಹೇಳುತ್ತಿದ್ದೆ. ಮಷೀನು ಹಾಕಿಕೊಂಡರೆ ನಿಮಗೆ ಯಾವ ತೊಂದರೆಯೂ ಇಲ್ಲ ಎಂದು ಬರೆದುಕೊಡುತ್ತಿದ್ದರು.

ತೊಂದರೆ ಇದ್ದದ್ದು ಸಂಜೆಗೆ. ಅರವತ್ತು ಮಕ್ಕಳ ತರಗತಿ, ಗಡಗಡ ಎನ್ನುವ ಮೂರು ಫ್ಯಾನು, ಕಿಟಕಿಯ ಹೊರಗೆ ರಿಕ್ಷಾ. ಎರಡು ಗಂಟೆ ಕಲಿಸಿ ಮನೆಗೆ ಬಂದರೆ ತಲೆ ಸಿಡಿದು, ಯಾರ ಮುಖವನ್ನೂ ನೋಡಲಾಗದೆ ಮಲಗಿಬಿಡುತ್ತಿದ್ದೆ. ನಮ್ಮವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಕೇಳಿಸುತ್ತದೆ ಎಂದು ಡಾಕ್ಟರೇ ಬರೆದುಕೊಟ್ಟಿದ್ದಾರೆ, ಮತ್ತೆ ನಿಂತು ಮಾತಾಡಿದ್ದಕ್ಕೆ ಇಷ್ಟೇಕೆ ದಣಿಯಬೇಕು ಎಂಬುದು ಅವರ ಪ್ರಶ್ನೆ. ಕ್ಲಾಸಿನ ಮಾಲಕರಾದ ಪಟವರ್ಧನ ಸರ್ ಇನ್ನೂ ಮೆತ್ತಗೆ ಹೇಳಿದ್ದರು: ದೀಪಾವಳಿ ರಜೆ ಮುಗಿದ ಮೇಲೆ ಕಲಿಸುವುದನ್ನು ಬಿಟ್ಟು, ಮನೆಯಲ್ಲೇ ಕೂತು ಉತ್ತರಪತ್ರಿಕೆ ತಿದ್ದಿಕೊಡಬಹುದಲ್ಲ? ನಾನು ಯೋಚಿಸಿ ಹೇಳುತ್ತೇನೆ ಎಂದಿದ್ದೆ.

ಅದೇ ಹೊತ್ತಿಗೆ ಈ ಪ್ರಯಾಣ ಬಂತು. ನಮ್ಮವರು ಭೋಸರಿಯ ಕಾರ್ಖಾನೆಯೊಂದರಲ್ಲಿ ಪಂಪುಗಳ ತಪಾಸಣೆಯ ಇಂಜಿನಿಯರು. ಹೊಸ ಪರೀಕ್ಷಾ ಯಂತ್ರ ಕಲಿತು ಬರಲು ಮೂರು ವಾರ ಡೆನ್ಮಾರ್ಕಿಗೆ ಕಳಿಸುವುದೆಂದಾಯಿತು, ಹೆಂಡತಿಯೂ ಹೋಗಬಹುದೆಂದರು. ಪುಣೆಯಲ್ಲಿ ನನ್ನ ಕಿವಿ ನೋಡುತ್ತಿದ್ದ ಬೆಳಗಾವಿಯ ಹುಡುಗಿ ಸ್ಮಿತಾ, ಎರಡು ವರ್ಷದ ಹಿಂದೆ ಹೆಚ್ಚಿನ ಓದಿಗೆಂದು ಅದೇ ದೇಶಕ್ಕೆ ಹೋಗಿದ್ದಳು. ಅವಳಿಗೊಂದು ಪತ್ರ ಹಾಕಿ, ಹಲ್ದಿರಾಮಿನದಲ್ಲ, ಮನೆಯಲ್ಲೇ ಮಾಡಿದ ಅವಲಕ್ಕಿ ಚೂಡಾ ಕಟ್ಟಿಕೊಂಡು ಹೊರಟೆ.

ಮಾತಾಡಬಾರದ ಡಬ್ಬಿ

ಕೋಪನ್‌ಹೇಗನ್ನಿನಲ್ಲಿ ಇಳಿದು ರೈಲು ಹತ್ತಿದೆವು. ಸ್ವಲ್ಪ ಹೊತ್ತಿಗೆ, ಯಾರ ದನಿಯೂ ಕೇಳಿಸದೆ, ನನಗೆ ಏನೋ ಕೆಟ್ಟಿದೆ ಅನಿಸಿತು. ಎರಡೂ ಮಷೀನುಗಳ ಬ್ಯಾಟರಿ ಒಟ್ಟಿಗೇ ಹೋಗಿವೆಯೆಂದು ಬದಲಾಯಿಸಿದೆ. ಆಗಲೂ ಅಷ್ಟೇ. ಆಮೇಲೆ ಕಿಟಕಿಯ ಮೇಲಿನ ಚಿತ್ರ ನೋಡಿದೆ: ತುಟಿಯ ಮೇಲೆ ಬೆರಳು. ಅದು ಮಾತಾಡಬಾರದ ಡಬ್ಬಿ. ಇಂಥದ್ದೊಂದು ಡಬ್ಬಿಯನ್ನು ರೈಲಿಗೆ ಜೋಡಿಸಬೇಕು ಎಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ನಮ್ಮಲ್ಲಿ ಪುಣೆಯಿಂದ ಹುಬ್ಬಳ್ಳಿಗೆ ಹೋಗುವಾಗ ಮಿರಜ ಬರುವಷ್ಟರಲ್ಲಿ ಇಡೀ ಬೋಗಿಗೆ ನಮ್ಮ ಮನೆತನದ ಇತಿಹಾಸ ಗೊತ್ತಾಗಿರುತ್ತದೆ.

ನಾನು ಕಾಲು ಚಾಚಿ ಸುಖವಾಗಿ ಕೂತೆ. ನಮ್ಮವರಿಗೆ ಹಸಿವು. ಅವರು ಚೂಡಾದ ಪ್ಲಾಸ್ಟಿಕ್ ಚೀಲ ಬಿಚ್ಚಿದರು. ಅದು ಚರಪರ ಎಂದದ್ದೇ ತಡ, ಆರು ತಲೆಗಳು ನಮ್ಮ ಕಡೆ ತಿರುಗಿದವು. ಬಾಯಿಗೆ ಹಾಕಿಕೊಂಡ ಅವಲಕ್ಕಿಯನ್ನು ಅಗಿಯಲೂ ಆಗದೆ ಉಗುಳಲೂ ಆಗದೆ ಅವರು ಮುಂದಿನ ನಿಲ್ದಾಣದವರೆಗೆ ಹಾಗೇ ಇಟ್ಟುಕೊಂಡಿದ್ದರು.

ಅಕ್ಷರ ನುಂಗುವ ಊರು

ನಾವಿದ್ದ ಊರಿನ ಹೆಸರನ್ನು ನನಗೆ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ಬರೆದದ್ದು ಒಂಬತ್ತು ಅಕ್ಷರ, ಅಲ್ಲಿಯವರು ಬಾಯಿಂದ ಹೊರಗೆ ಬಿಡುವುದು ನಾಲ್ಕು. ಉಳಿದದ್ದನ್ನು ನುಂಗಿಬಿಡುತ್ತಾರೆ. ಸಣ್ಣ ಬಂದರಿನ ಊರು, ಕೆಂಪು ಹಂಚಿನ ಮನೆಗಳು, ಎಲ್ಲರಿಗೂ ಸೈಕಲ್ಲು. ಮಧ್ಯಾಹ್ನ ನಾಲ್ಕೂವರೆಗೆ ಬೆಳಕು ಹೋಗುತ್ತಿತ್ತು. ಚಹದಂಗಡಿಯ ಹೊರಗೆ, ಹಲ್ಲು ಕಟಕಟಿಸುವ ಚಳಿಯಲ್ಲಿ, ಕೂಸುಗಳನ್ನು ಗಾಡಿಯಲ್ಲಿ ಮಲಗಿಸಿ ತಾಯಂದಿರು ಒಳಗೆ ಕೂತು ಕಾಫಿ ಕುಡಿಯುತ್ತಿದ್ದರು. ಮೊದಲ ದಿನ ಇದನ್ನು ಕಂಡು ಗಾಬರಿಯಾಗಿ ಒಂದು ಕೂಸಿನ ಪಕ್ಕ ನಾನೇ ಕಾವಲು ನಿಂತೆ. ಅದರ ತಾಯಿ ಹೊರಗೆ ಬಂದು, ನನಗೇನಾದರೂ ಸಹಾಯ ಬೇಕೇ ಎಂದು ಕೇಳಿದಳು. ರಸ್ತೆ ದಾಟುವವರು ಕೆಂಪು ದೀಪ ಕಂಡರೆ ಕಣ್ಣಳತೆಯಲ್ಲಿ ಒಂದು ಗಾಡಿ ಇಲ್ಲದಿದ್ದರೂ ಕಂಬದಂತೆ ನಿಲ್ಲುತ್ತಿದ್ದರು. ಪುಣೆಯ ಡೆಕ್ಕನ್ನಿನ ಚೌಕದಲ್ಲಿ ಜೀವ ಕೈಯಲ್ಲಿ ಹಿಡಿದು ದಾಟಿ ರೂಢಿಯಾದ ನನಗೆ ಅಲ್ಲಿ ಹಾಗೆ ಸುಮ್ಮನೆ ನಿಲ್ಲುವುದೇ ಕಷ್ಟವಾಯಿತು.

ಆದರೆ ಆ ಊರಿನಲ್ಲಿ ನಾನು ಕಂಡ ದೊಡ್ಡ ವಿಚಿತ್ರ ನಮ್ಮವರದು. ಕಾರ್ಖಾನೆಯಿಂದ ಮೊದಲ ದಿನ ಐದು ಗಂಟೆಗೆ ಬಂದವರೇ ಬೂಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದರು. ಕಲಿಸುವ ಇಬ್ಬರೂ ನುಂಗಿ ನುಂಗಿ ಇಂಗ್ಲಿಷ್ ಮಾತಾಡುತ್ತಾರಂತೆ, ಹಿಂದೆ ಪಂಪುಗಳ ಗದ್ದಲವಂತೆ. ಅರ್ಧ ಕೇಳಿಸಿದ್ದನ್ನು ಊಹಿಸಿ ಪೂರ್ತಿ ಮಾಡಿಕೊಳ್ಳುವಷ್ಟರಲ್ಲಿ ಅವರು ಮುಂದಿನ ಮಾತಿಗೆ ಹೋಗಿರುತ್ತಾರಂತೆ. ಮತ್ತೆ ಮತ್ತೆ ಏನಂದ್ರಿ ಎಂದು ಕೇಳಲು ನಾಚಿಕೆಯಂತೆ.

ನಾನು ಚಹಾ ಮಾಡಿ ಕೊಟ್ಟು ಎದುರು ಕೂತೆ. ಅವರು ಹಣೆ ಒತ್ತಿಕೊಂಡು, ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

"ಕುಸುಮಾ, ನಿನಗ ದಿನಾ ಹಿಂಗ ಆಗ್ತದೇನು?"

"ಹೌದ್ರಿ," ಎಂದೆ. "ದಿನಾ."

ಆ ವಾರವಿಡೀ ಅವರು ಅಡುಗೆಮನೆಯ ನಲ್ಲಿ ಬಂದ್ ಮಾಡಿಯೇ ನನ್ನೊಡನೆ ಮಾತಾಡಿದರು.

ಪ್ರಯೋಗಾಲಯ, ಮೊದಲ ಸಲ

ಎರಡನೆಯ ವಾರ ಸ್ಮಿತಾ ನಮ್ಮನ್ನು ಹುಡುಕಿಕೊಂಡು ಬಂದಳು. ಅವಳಿದ್ದ ಊರು ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಅವಳ ಗುರುಗಳು ಮಾಡುತ್ತಿದ್ದ ಕೆಲಸವನ್ನು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಷೀನು ಹಾಕಿಕೊಂಡವರು ಎಷ್ಟು ಶಬ್ದ ಸರಿಯಾಗಿ ಹೇಳುತ್ತಾರೆ ಎಂಬುದನ್ನಲ್ಲ, ಅದನ್ನು ಕೇಳಲು ಅವರ ಮಿದುಳು ಎಷ್ಟು ದುಡಿಯುತ್ತದೆ ಎಂಬುದನ್ನು ಅಳೆಯಲು ಅವರು ನೋಡುತ್ತಿದ್ದರಂತೆ. ತಲೆಗೆ ತಂತಿಗಳ ಟೊಪ್ಪಿಗೆ ಹಾಕಿ ಮಿದುಳಿನ ವಿದ್ಯುತ್ತಿನ ಅಲೆಗಳನ್ನು ದಾಖಲಿಸುತ್ತಾರೆ. ಸೆಕೆಂಡಿಗೆ ಹತ್ತರ ಆಸುಪಾಸು ಸಲ ಏರಿಳಿಯುವ ಒಂದು ಅಲೆಯಿದೆ. ಗದ್ದಲದಲ್ಲಿ ಕಿವಿಗೊಟ್ಟು ಕೇಳುವಾಗ, ಬೇಡದ್ದನ್ನು ತಡೆದಿಡಲು ಮಿದುಳು ಹೆಣಗುವಾಗ, ಅದು ಬಲವಾಗುತ್ತದೆ ಎಂಬುದು ಅವರ ಅಂದಾಜು.

"ಕಾಕು, ನೀವು ಒಂದ್ಸಲ ಬಂದು ಕೂಡ್ರಿ," ಎಂದಳು.

ಗುರುವಾರ ಹೋದೆ. ದೊಡ್ಡ ಕೆಲಸಕ್ಕೆ ಹೊರಟಿದ್ದೇನೆಂದು ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದು, ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಸ್ಮಿತಾ ನನ್ನ ತಲೆ ಮುಟ್ಟಿ ಕೈ ನೋಡಿಕೊಂಡಳು. ಎಣ್ಣೆಯಿದ್ದರೆ ತಂತಿ ಹಿಡಿಯುವುದಿಲ್ಲವಂತೆ. ಹೀಗಾಗಿ ಡೆನ್ಮಾರ್ಕಿನ ವಿಜ್ಞಾನದೊಡನೆ ನನ್ನ ಪರಿಚಯ ಶುರುವಾದದ್ದು ಕೈ ತೊಳೆಯುವ ಬೇಸಿನ್ನಿನಲ್ಲಿ ತಲೆ ಬಗ್ಗಿಸಿ ನಿಂತು. ಸ್ಮಿತಾ ಮಕ್ಕಳ ಶಾಂಪೂ ಹಾಕಿ ಮೂರು ಸಲ ತಿಕ್ಕಿದಳು. ಆಮೇಲೆ ಟೊಪ್ಪಿಗೆ. ಅದರ ಒಂದೊಂದು ತೂತಿನಲ್ಲೂ ಮಂಜಿನಂತೆ ತಣ್ಣಗಿನ ಲೇಪ. ಕುಂಕುಮದ ಜಾಗದಲ್ಲೇ ಒಂದು ತಂತಿ ಬರಬೇಕಿತ್ತು. ಕುಂಕುಮವನ್ನು ಅರ್ಧ ಇಂಚು ಕೆಳಗೆ ಇಳಿಸಿಕೊಂಡೆ.

ಗುರುಗಳ ಹೆಸರು ಹೆನ್ರಿಕ್. ಅಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ನಾಲಗೆ ಅದಕ್ಕೆ ಒಪ್ಪದೆ ಹೆನ್ರಿಕ್ ಸರ್ ಎಂದೇ ಕರೆದೆ. ಎತ್ತರದ, ಮೆತ್ತಗಿನ ಮನುಷ್ಯ. ಸ್ಪೀಕರಿನಿಂದ ಇಂಗ್ಲಿಷ್ ವಾಕ್ಯಗಳು ಬಂದವು, ಹಿಂದೆ ಹಲವು ಜನರ ಮಾತಿನ ಗದ್ದಲ. ಕೇಳಿದ್ದನ್ನು ತಿರುಗಿ ಹೇಳುತ್ತ ಹೋದೆ. ಒಂದೂವರೆ ಗಂಟೆ ಆದ ಮೇಲೆ ಹೆನ್ರಿಕ್ ಸರ್ ಒಳಗೆ ಬಂದು ನನ್ನೆದುರು ಮೊಣಕಾಲೂರಿ ಕೂತರು. ಬಹಳ ಸಂಕೋಚದಿಂದ ಎರಡು ಮಾತು ಹೇಳಿದರು. ಒಂದು, ನಾನು ಗಮನವಿಟ್ಟು ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಕಣ್ಣು ಮುಚ್ಚಿದರೆ ಆ ಅಲೆ ತಾನಾಗಿಯೇ ಏರುತ್ತದೆ, ಆದ್ದರಿಂದ ದಾಖಲಾದದ್ದು ಪ್ರಯೋಜನಕ್ಕೆ ಬಾರದು. ಎರಡು, ಇಂಗ್ಲಿಷ್ ನನ್ನ ತಾಯ್ನುಡಿಯಲ್ಲ. ದಣಿವು ಕಿವಿಯದೋ ಭಾಷೆಯದೋ ಹೇಳಲಾಗದು.

ನನ್ನದು ಒದ್ದೆ ಕೂದಲು, ಹಣೆಯ ಮೇಲೆ ಲೇಪ. ಧನ್ಯವಾದ ಹೇಳಿ ಕಳಿಸಲು ಅವರು ಎದ್ದು ನಿಂತಿದ್ದರು. ಇಪ್ಪತ್ತು ವರ್ಷ ಮಕ್ಕಳಿಗೆ, ಲೆಕ್ಕ ತಪ್ಪಿದರೆ ಪುಟ ಹರಿಯಬೇಡಿ, ಮತ್ತೆ ಮಾಡಿ ಎಂದು ಹೇಳಿದವಳು ನಾನು. ಕನ್ನಡದಲ್ಲಿ ಕೇಳಿಸಿ, ಕಣ್ಣು ತೆರೆದು ಕೂರುತ್ತೇನೆ ಎಂದೆ. ಕನ್ನಡದ ವಾಕ್ಯಗಳು ನಮ್ಮಲ್ಲಿಲ್ಲವಲ್ಲ ಎಂದರು. ನಾನು ಮಾಡಿ ತರುತ್ತೇನೆ ಎಂದೆ.

ಅಡುಗೆಮನೆಯಲ್ಲಿ ಒಂದು ಲಕ್ಷ ವಾಕ್ಯ

ಆ ವಾಕ್ಯಗಳನ್ನು ಕಟ್ಟುವ ಕ್ರಮವನ್ನು ಸ್ಮಿತಾ ತಿಳಿಸಿದಳು. ಪ್ರತಿ ವಾಕ್ಯಕ್ಕೂ ಐದೇ ಪದ: ಒಂದು ಹೆಸರು, ಒಂದು ಸಂಖ್ಯೆ, ಒಂದು ಗುಣ, ಒಂದು ವಸ್ತು, ಒಂದು ಕ್ರಿಯೆ. ಒಂದೊಂದಕ್ಕೂ ಹತ್ತು ಪದಗಳ ಪಟ್ಟಿ. ಯಾವುದರ ಜೊತೆ ಯಾವುದನ್ನಾದರೂ ಜೋಡಿಸಬಹುದು, ಆದ್ದರಿಂದ ಕೇಳುವವರಿಗೆ ಮುಂದಿನ ಪದ ಊಹಿಸಲಾಗದು. ಹತ್ತನ್ನು ಐದು ಸಲ ಬರೆದು ಗುಣಿಸಿದರೆ ಒಂದು ಲಕ್ಷ ವಾಕ್ಯ. ಇದು ನನ್ನ ಸೀಮೆಯೇ ಆಗಿತ್ತು.

ಶನಿವಾರ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಮೂವರೂ ಕೂತೆವು. ಮೊದಲ ಹತ್ತು ವಾಕ್ಯ ಬರೆದ ಕೂಡಲೇ ತಪ್ಪು ಗೊತ್ತಾಯಿತು. ಕನ್ನಡದಲ್ಲಿ ತಂದಳು ಎಂದು ಕೇಳಿಸಿದರೆ ಸಾಕು, ಹೆಸರು ಕೇಳಿಸದಿದ್ದರೂ ಪಟ್ಟಿಯ ಗಿರೀಶ ಅಲ್ಲ, ಹೆಂಗಸು ಎಂದು ತಿಳಿದುಹೋಗುತ್ತದೆ. ಅರ್ಧ ಉತ್ತರ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ. ಸ್ಮಿತಾಗೂ ಇದು ಹೊಳೆದಿರಲಿಲ್ಲ. ಗಿರೀಶ, ರಾಘು, ಮಲ್ಲಪ್ಪ ಎಲ್ಲರನ್ನೂ ಹೊಡೆದುಹಾಕಿ ಹತ್ತೂ ಹೆಸರು ಹೆಂಗಸರದೇ ಇಟ್ಟೆ. ನಮ್ಮವರು ಗಂಡಸರ ಪರವಾಗಿ ಸ್ವಲ್ಪ ವಾದ ಮಾಡಿ ಸೋತರು.

ಸ್ಮಿತಾ ಓದಿದಳು. ಗೌರಕ್ಕ ಎಂಟು ಹಸಿರು ಲೋಟ ಮರೆತಳು. ಶಾಂತಕ್ಕ ಆರು ಹಳೆ ಕುರ್ಚಿ ತೊಳೆದಳು. ಪದ್ಮಕ್ಕ ಏಳು ಭಾರದ ಗಂಟೆ ಬೇಡಿದಳು. ನಾವು ನಕ್ಕು ನಕ್ಕು ರೆಕಾರ್ಡಿಂಗ್ ಎಷ್ಟು ಸಲ ನಿಲ್ಲಿಸಬೇಕಾಯಿತೋ. ಹಿಂದಿನ ಗದ್ದಲಕ್ಕೆ ನಮ್ಮವರ ಗಂಟಲು ಬೇಕಾಯಿತು. ಓದಲು ಏನೂ ಸಿಗದೆ, ಉಪ್ಪಿನಕಾಯಿ ಬಾಟಲಿಗೆ ಸುತ್ತಿ ತಂದಿದ್ದ ಪುಣೆಯ ಮರಾಠಿ ಪತ್ರಿಕೆಯನ್ನು ಬಿಡಿಸಿ, ಎಣ್ಣೆ ಇಳಿದ ಅದರ ಸಣ್ಣ ಜಾಹೀರಾತುಗಳನ್ನು ಕನ್ನಡಕ್ಕೆ ತಿರುಗಿಸುತ್ತ, ನಾಲ್ಕು ಬೇರೆ ಬೇರೆ ದನಿಯಲ್ಲಿ ಓದಿದರು. ಬಾಡಿಗೆಗೆ ಮನೆ, ವರ ಬೇಕಾಗಿದೆ, ಹಳೆಯ ಸ್ಕೂಟರ್. ಸ್ಮಿತಾ ನಾಲ್ಕನ್ನೂ ಒಂದರ ಮೇಲೊಂದು ಕೂಡಿಸಿ ಒಳ್ಳೆಯ ಗದ್ದಲ ಮಾಡಿಕೊಂಡಳು.

ಪ್ರಯೋಗಾಲಯ, ಎರಡನೆಯ ಸಲ

ಮಂಗಳವಾರ ಎಣ್ಣೆಯಿಲ್ಲದ ತಲೆ, ತೆರೆದ ಕಣ್ಣು. ಗೋಡೆಯ ಮೇಲೆ ಒಂದು ಕಪ್ಪು ಚುಕ್ಕೆ ಅಂಟಿಸಿ ಅದನ್ನೇ ನೋಡಲು ಹೇಳಿದ್ದರು. ಕಣ್ಣು ಮುಚ್ಚದೆ ಕೇಳುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಮೊದಲು ಗದ್ದಲವಿಲ್ಲದೆ, ಆಮೇಲೆ ಗದ್ದಲದೊಡನೆ, ಕೊನೆಗೆ ಗದ್ದಲವನ್ನು ತಗ್ಗಿಸುವ ಅವರದೇ ಒಂದು ಹೊಸ ಮಷೀನು ಹಾಕಿ. ನಡುನಡುವೆ ವಿಶ್ರಾಂತಿ. ನಮ್ಮವರೂ ರಜೆ ಹಾಕಿ ಬಂದಿದ್ದರು. ಹೋಲಿಕೆಗೆ ಒಬ್ಬರು ಬೇಕು ಎಂದು ಹೆನ್ರಿಕ್ ಸರ್ ಅವರ ತಲೆಗೂ ಟೊಪ್ಪಿಗೆ ಹಾಕಿ, ಅವೇ ವಾಕ್ಯಗಳನ್ನು ಅದೇ ಗದ್ದಲದಲ್ಲಿ ಕೇಳಿಸಿದರು.

ಊಟದ ನಂತರ ನಾಲ್ವರೂ ಪರದೆಯ ಮುಂದೆ ಕೂತೆವು. ಮೊದಲು ಅಂಕಗಳು. ಗದ್ದಲವಿಲ್ಲದಾಗ ನಾನು ಹೆಚ್ಚುಕಡಿಮೆ ಎಲ್ಲವನ್ನೂ ಸರಿ ಹೇಳಿದ್ದೆ. ಗದ್ದಲದಲ್ಲೂ ಹೆಚ್ಚುಕಡಿಮೆ ಎಲ್ಲವನ್ನೂ. ನಮ್ಮವರೂ ಅಷ್ಟೇ. ಗಾಜಿನ ಕೋಣೆಯಿಂದ ಹೊರಬಂದಾಗಲೆಲ್ಲ ನೋಡಿದ್ದ ಫಲಿತಾಂಶವೇ ಇದು: ಯಾವ ತೊಂದರೆಯೂ ಇಲ್ಲ.

ಆಮೇಲೆ ಹೆನ್ರಿಕ್ ಸರ್ ಅಲೆಗಳನ್ನು ತೆರೆದರು. ನಮ್ಮವರ ಗೆರೆ ಗದ್ದಲ ಬಂದಾಗ ಒಂದಿಷ್ಟು ಎದ್ದು ಮತ್ತೆ ಕೂತಿತ್ತು. ಪಕ್ಕದಲ್ಲಿ ನನ್ನದು. ವಾಕ್ಯ ಶುರುವಾಗುವ ಜಾಗದಿಂದ ಏರತೊಡಗಿ, ಅವರ ಗೆರೆಯನ್ನು ಎಲ್ಲೋ ಕೆಳಗೆ ಬಿಟ್ಟು, ನಾನು ಉತ್ತರ ಹೇಳಿ ಮುಗಿಸುವವರೆಗೂ ಇಳಿದಿರಲಿಲ್ಲ. ಒಂದು ವಾಕ್ಯದಲ್ಲಿ ಮಾತ್ರವಲ್ಲ, ಎಲ್ಲವುಗಳ ಸರಾಸರಿಯೇ ಹಾಗಿತ್ತು. ಅವರು ಮೂರನೆಯ ಗೆರೆಯನ್ನೂ ತೋರಿಸಿದರು: ಹೊಸ ಮಷೀನು ಹಾಕಿದಾಗ ಅಂಕ ಅಷ್ಟೇ ಇದ್ದರೂ ನನ್ನ ಅಲೆ ಅರ್ಧದಷ್ಟು ತಗ್ಗಿತ್ತು. ಅಷ್ಟು ಮೆತ್ತಗಿನ ಹೆನ್ರಿಕ್ ಸರ್ ಸಂಭ್ರಮದಿಂದ ಕುರ್ಚಿಯಿಂದ ಎದ್ದು ಎರಡು ಸಲ ಕೋಣೆ ಸುತ್ತಿದರು.

ನನಗೆ ಅಳು ಬರಲಿಲ್ಲ. ಬಹಳ ವರ್ಷ ವಾದ ಮಾಡಿ ಗೆದ್ದವರಿಗೆ ಆಗುವಂಥ ಹಿಗ್ಗು ಆಯಿತು. ಇಬ್ಬರು ಮಕ್ಕಳು ಒಂದೇ ಉತ್ತರ ಬರೆದಿರುತ್ತಾರೆ. ಒಬ್ಬ ಎರಡು ಸಾಲಿನಲ್ಲಿ, ಇನ್ನೊಬ್ಬಳು ನಾಲ್ಕು ಪುಟ ತುಂಬಿಸಿ. ಉತ್ತರವನ್ನಷ್ಟೇ ನೋಡುವವರು ಇಬ್ಬರಿಗೂ ಸಮ ಅಂಕ ಎನ್ನುತ್ತಾರೆ. ನಾಲ್ಕು ಪುಟವನ್ನು ಮೊದಲ ಸಲ ಯಾರೋ ತೆರೆದು ಓದಿದ್ದರು.

ಆ ಹಿಗ್ಗಿನಲ್ಲೇ, ಇದನ್ನೊಂದು ಪತ್ರದಲ್ಲಿ ಬರೆದು ಸಹಿ ಮಾಡಿ ಕೊಡಿ, ಪುಣೆಯಲ್ಲಿ ತೋರಿಸಬೇಕು ಎಂದು ಕೇಳಿದೆ. ಹೆನ್ರಿಕ್ ಸರ್ ಆಗದೆಂದು ತಲೆಯಾಡಿಸಿದರು. ಇದು ಸಂಶೋಧನೆ, ವೈದ್ಯಕೀಯ ತಪಾಸಣೆಯಲ್ಲ. ಒಬ್ಬರ ಒಂದು ದಿನದ ಅಲೆಯಿಂದ ಪ್ರಮಾಣಪತ್ರ ಕೊಡುವುದು ತಪ್ಪಾಗುತ್ತದೆ, ನೂರಾರು ಜನರಲ್ಲಿ ನೋಡಬೇಕು, ಅದಕ್ಕೆ ವರ್ಷಗಳು ಹಿಡಿಯುತ್ತವೆ ಎಂದರು. ನಾನು ಗಣಿತದವಳು, ಅವರು ಹೇಳಿದ್ದು ಸರಿ ಎಂದು ಗೊತ್ತಿತ್ತು. ಆದರೂ ಮುಖ ಸಣ್ಣದಾಯಿತು.

ನಮ್ಮವರು ಇನ್ನೂ ಪರದೆಯನ್ನೇ ನೋಡುತ್ತಿದ್ದರು. ಕೂದಲಿನ ತುಂಬ ಲೇಪ ಒಣಗಿ ಬಿಳಿಯಾಗಿತ್ತು.

"ಚೀಟಿ ಯಾಕ ಬೇಕು ನಿನಗ?" ಎಂದರು. "ನಾ ನೋಡೇನಿ. ಇಷ್ಟು ವರ್ಷ ನಾ ತಪ್ಪು ತಿಳ್ಕೊಂಡಿದ್ದೆ. ಇನ್ನ ಯಾರರ ಕೇಳಿದ್ರ ನೀನ ಹೇಳು, ಗಟ್ಟಿಯಾಗಿ ಹೇಳು. ನಿನ್ನ ಬಾಜೂಕ ನಾ ಇರ್ತೀನಿ."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ಮೂರನೆಯವರ ಮುಂದೆ ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು. ಕನ್ನಡ ಬಾರದ ಹೆನ್ರಿಕ್ ಸರ್ ಏನೋ ಅರ್ಥವಾದವರಂತೆ ಎದ್ದುಹೋಗಿ ನಾಲ್ಕು ಕಪ್ ಕಾಫಿ ತಂದರು.

ಮರಳಿ ಸದಾಶಿವ ಪೇಠ

ದೀಪಾವಳಿ ರಜೆ ಮುಗಿದ ಮರುದಿನ ಪಟವರ್ಧನ ಸರ್ ಅವರ ಕೋಣೆಗೆ ಹೋದೆ. ಒಬ್ಬಳೇ ಹೋದೆ; ನಮ್ಮವರನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿದ್ದೆ. ಉತ್ತರಪತ್ರಿಕೆ ತಿದ್ದುವುದಿಲ್ಲ, ಕಲಿಸುತ್ತೇನೆ ಎಂದು ಮರಾಠಿಯಲ್ಲಿ ಹೇಳಿದೆ. ನನಗೆ ಕೇಳಿಸುತ್ತದೆ, ಆದರೆ ಕೇಳುವುದು ನನಗೆ ನಿಮಗಿಂತ ಹೆಚ್ಚಿನ ದುಡಿಮೆ. ಆ ದುಡಿಮೆಯನ್ನು ತಗ್ಗಿಸಿದರೆ ನಾನು ಮೊದಲಿನಂತೆಯೇ ಕಲಿಸಬಲ್ಲೆ ಎಂದೆ. ಬೇಕಾದ್ದನ್ನು ಒಂದೊಂದಾಗಿ ಕೇಳಿದೆ: ರಸ್ತೆಯ ಕಡೆಯದಲ್ಲ, ಹಿಂಬದಿಯ ಹಳೆ ವಾಡೆಮನೆಯ ಅಂಗಳಕ್ಕೆ ತೆರೆಯುವ ಕೋಣೆ. ಬೆಳಗಿನ ಹೊತ್ತು. ಮೂವತ್ತೇ ಮಕ್ಕಳು. ಎರಡು ಗಂಟೆಯ ನಡುವೆ ಹತ್ತು ನಿಮಿಷ ಬಿಡುವು. ಸಂದೇಹ ಕೇಳುವವರು ಎದ್ದು ನಿಂತು, ಒಬ್ಬೊಬ್ಬರಾಗಿ ಕೇಳಬೇಕು.

ಅವರು ಯಾವ ಕಾಗದವನ್ನೂ ಕೇಳಲಿಲ್ಲ. ಮೇಜಿನ ಮೇಲೆ ಪೆನ್ನು ಉರುಳಿಸುತ್ತ ಯೋಚಿಸಿದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೇಳಲು ನನಗೇ ಗೊತ್ತಿರಲಿಲ್ಲ ಎಂದೆ. ಮಾರ್ಚ್ ಪರೀಕ್ಷೆಯವರೆಗೆ ನೋಡೋಣ ಎಂದರು. ಆ ಮಾರ್ಚ್ ಆಗಿ, ಅದರ ಮುಂದಿನ ಮಾರ್ಚೂ ಆಯಿತು. ಈಗ ಆ ಹಿಂಬದಿಯ ಕೋಣೆಗೆ ಮಕ್ಕಳು ನನ್ನ ಹೆಸರು ಹೇಳಿ ಸೀಟು ಹಿಡಿಯುತ್ತಾರೆ.

ಆದರೆ ನೆನಪಿನಲ್ಲಿ ಗಟ್ಟಿಯಾಗಿ ನಿಂತಿರುವುದು ಅಲ್ಲಿ ಕಲಿಸಿದ ಮೊದಲ ಬೆಳಿಗ್ಗೆ. ತ್ರಿಕೋನಮಿತಿಯ ಪಾಠ, ಹದಿನೇಳು ಸಂದೇಹ, ಹದಿನೇಳೂ ಒಂದೇ ಸಲಕ್ಕೆ ಕೇಳಿಸಿದವು. ಹತ್ತು ಗಂಟೆಗೆ ಬಾಗಿಲ ಹೊರಗೆ ಬಂದಾಗ ನಮ್ಮವರು ಸ್ಕೂಟರ್ ಮೇಲೆ ಕಾಯುತ್ತಿದ್ದರು. ಎಂಜಿನ್ ಬಂದ್ ಮಾಡಿ, ಇಳಿದು, ನನ್ನೆದುರು ಬಂದು ನಿಂತ ಮೇಲೆ ಹೆಂಗಾತು ಎಂದು ಕೇಳಿದರು. ಛಲೋ ಆತು, ತಲಿ ಹಗುರ ಅದ ಎಂದೆ. ಮನೆಗೆ ಬಿಟ್ಟು ಭೋಸರಿಗೆ ಹೋಗುತ್ತೇನೆ, ಮಲಗು ಎಂದು ಗಾಡಿ ತಿರುಗಿಸಿದರು.

"ಮನಿ ಬ್ಯಾಡ," ಎಂದೆ. "ಮಂಡೈಗೆ ಬಿಡ್ರಿ. ಬದನಿಕಾಯಿ ತರ್ತೀನಿ."

ಪುಣೆಯಲ್ಲಿ ಆ ತರಕಾರಿ ಮಾರುಕಟ್ಟೆಗಿಂತ ಗದ್ದಲದ ಜಾಗ ನನಗೆ ಗೊತ್ತಿಲ್ಲ. ವರ್ಷಗಳಿಂದ ನಾನು ಅದರ ಹತ್ತಿರ ಸುಳಿದಿರಲಿಲ್ಲ. ಅವರು ನನ್ನ ಮುಖ ನೋಡಿ, ಗಾಡಿಯನ್ನು ಮತ್ತೆ ಆ ಕಡೆ ತಿರುಗಿಸಿದರು. ನನ್ನ ಹಳೆಯ ಎರಡೂ ಮಷೀನು ಕಿವಿಯಲ್ಲಿಟ್ಟುಕೊಂಡೇ ನಾನು ಆ ಕೂಗಾಟದೊಳಗೆ ನಡೆದೆ. ಬದನೆಕಾಯಿ ಮಾರುವ ಹೆಂಗಸಿನೊಡನೆ ಮನಸಾರೆ ಚೌಕಾಶಿ ಮಾಡಿ, ಗೆದ್ದು, ಕೈಚೀಲ ತುಂಬಿಸಿಕೊಂಡು ಹೊರಗೆ ಬಂದೆ.